ಅಂಗಳದಲ್ಲಿ ನಿಂತಿದ್ದ 40 ಯೂನಿಟ್

2024ರ ಜುಲೈ 18, ಗುರುವಾರ. ಸಾಗರ ತಾಲೂಕಿನ ನಮ್ಮ ಊರಿನ ಮನೆಯ ಜಗುಲಿಯಲ್ಲಿ, ನೀರಿಳಿಯುತ್ತಿದ್ದ ರೇನ್‌ಕೋಟನ್ನು ಬಿಚ್ಚದೆಯೇ ನಿಂತಿದ್ದ ಪವರ್‌ಮ್ಯಾನ್ ಒಬ್ಬರು ನನಗೊಂದು ಪ್ರಶ್ನೆ ಕೇಳಿದರು. ವಿದ್ಯುತ್ ಕಾರು ಕೊಂಡವರು, ಕೊಳ್ಳಬೇಕೆಂದಿರುವವರು "ಕರೆಂಟ್ ಹೋದಾಗ ಕಾರಿನಿಂದ ಮನೆ ನಡೆಸಬಹುದಂತೆ, ಹೌದೇ?" ಎಂದು ವಿಚಾರಿಸಿದಾಗಲೆಲ್ಲ ಆ ಪ್ರಶ್ನೆಯೇ ನನ್ನ ಎದುರು ಬಂದು ನಿಲ್ಲುತ್ತದೆ. ನಡೆಸಬಹುದು; ನಾನು ನಾಲ್ಕು ದಿನ ನಡೆಸಿದ್ದೇನೆ. ಪವರ್‌ಮ್ಯಾನ್ ಬಂದದ್ದು ಅದರ ಮೂರನೆಯ ದಿನ. ಅವರು ಕೇಳಿದ್ದೇನು ಎಂಬುದು ಅರ್ಥವಾಗಬೇಕಾದರೆ ಅದಕ್ಕಿಂತ ಹಿಂದಿನ ಎರಡು ದಿನಗಳನ್ನು ಮೊದಲು ಹೇಳಬೇಕು.

ಸೋಮವಾರ ಸಂಜೆ ಶಿವಮೊಗ್ಗದಿಂದ ಹೊರಟು ಊರು ಮುಟ್ಟಿದಾಗ ಕಾರಿನಲ್ಲಿ ಶೇ. 58ರಷ್ಟು ಚಾರ್ಜ್ ಉಳಿದಿತ್ತು. ರಾತ್ರಿ ಒಂಬತ್ತಕ್ಕೆ ಜಗುಲಿಯ 15 ಆಂಪ್ ಸಾಕೆಟ್ಟಿಗೆ ಹಾಕಿ ಮಲಗಿದೆ. ಎರಡು ಗಂಟೆಯ ಹೊತ್ತಿಗೆ ಗಾಳಿಯ ಸದ್ದಿಗೆ ಎಚ್ಚರವಾಯಿತು. ತೋಟದ ಆಚೆ ಏನೋ ಮುರಿದು ಬಿದ್ದ ಸದ್ದು ಕೇಳಿಸಿತು, ಕರೆಂಟ್ ಹೋಯಿತು. ಬೆಳಿಗ್ಗೆ ನೋಡಿದರೆ ಕಾರಿನ ಪರದೆಯ ಮೇಲೆ ಶೇ. 91 ಇತ್ತು. ಅದೇ ಮಂಗಳವಾರ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು. ಆ ವಾರದ ಮಳೆ ಎಂಥದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಶರಾವತಿಯ ನೀರಿನಿಂದ 1035 ಮೆಗಾವಾಟ್ ತೆಗೆಯುವ ಸೀಮೆಯಲ್ಲೇ ನಾವಿದ್ದರೂ, ಆ ವಿದ್ಯುದಾಗಾರಕ್ಕೂ ನಮ್ಮ ಮನೆಯ ಬಲ್ಬಿಗೂ ನಡುವೆ ಕಾಡಿನೊಳಗೆ ಮೈಲಿಗಟ್ಟಲೆ ಹಾದುಬರುವ 11 ಕೆ.ವಿ. ತಂತಿಯಿದೆ. ಒಂದು ಮರ ಬಿದ್ದರೆ ಸಾಕು. ಆ ರಾತ್ರಿ ಬಿದ್ದ ಮರಗಳನ್ನು ಎಣಿಸಿದವರಿಲ್ಲ.

ಮನೆಯಲ್ಲಿ ಇನ್ವರ್ಟರ್ ಇತ್ತು. 12 ವೋಲ್ಟಿನ 150 ಎಎಚ್ ಬ್ಯಾಟರಿ ಎಂದರೆ ಕಾಗದದ ಮೇಲೆ 1.8 ಯೂನಿಟ್, ನಮ್ಮದು ಹಳೆಯದಾದದ್ದರಿಂದ ಒಂದು ಯೂನಿಟ್ ಸಿಕ್ಕಿದರೆ ಹೆಚ್ಚು. ಮಂಗಳವಾರ ಮಧ್ಯಾಹ್ನ ಅದು ಕೂಗಿಕೊಂಡು ನಿಂತುಹೋಯಿತು. ಅಂಗಳದಲ್ಲಿದ್ದ ಕಾರಿನ ಬ್ಯಾಟರಿ 40 ಯೂನಿಟ್ಟಿನದು. ಇಪ್ಪತ್ತಕ್ಕೂ ಹೆಚ್ಚು ಇನ್ವರ್ಟರ್ ಬ್ಯಾಟರಿಗಳು ಹಲಸಿನ ಮರದ ಕೆಳಗೆ ಮಳೆಯಲ್ಲಿ ನೆನೆಯುತ್ತ ನಿಂತಿವೆ ಎಂಬ ಲೆಕ್ಕ ಹೊಳೆದ ಮೇಲೆ ಸುಮ್ಮನೆ ಕೂರಲು ಸಾಧ್ಯವಿರಲಿಲ್ಲ.

ಎಣಿಸಿ ಬಳಸಿದ ಕರೆಂಟ್

ಕಾರಿನಿಂದ ಹೊರಗೆ 230 ವೋಲ್ಟ್ ಕೊಡುವ ಸೌಲಭ್ಯಕ್ಕೆ ವಿ-ಟು-ಎಲ್ ಎನ್ನುತ್ತಾರೆ. ನಮ್ಮ ದೇಶದ ಮಾರುಕಟ್ಟೆಯಲ್ಲಿ 2023ರ ಆರಂಭದಲ್ಲಿ ಬಂದ ಹ್ಯುಂಡೈ ಅಯೋನಿಕ್ 5ರಲ್ಲಿ ಅದು ಇತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ರೂಪದ ನೆಕ್ಸಾನ್ ಇವಿ ಬಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಎಟುಕಿತು. ಚಾರ್ಜ್ ಮಾಡುವ ಬಾಯಿಗೇ ಒಂದು ಅಡಾಪ್ಟರ್ ಹಾಕಿದರೆ ಅದರ ಇನ್ನೊಂದು ತುದಿಯ ಸಾಕೆಟ್ಟಿನಲ್ಲಿ ಸುಮಾರು 3 ಕಿಲೋವಾಟ್‌ವರೆಗೆ ಸಿಗುತ್ತದೆ. ಮಂಗಳವಾರ ನಾನು ಮಾಡಿದ್ದು ಇಷ್ಟೇ: ಎಕ್ಸ್‌ಟೆನ್ಶನ್ ಬಾಕ್ಸಿನ ವಯರನ್ನು ಕಿಟಕಿಯಿಂದ ಒಳಗೆ ತಂದು ಫ್ರಿಜ್ಜನ್ನೂ ಒಂದು ಬಲ್ಬನ್ನೂ ಹಾಕಿದೆ. ಫ್ರಿಜ್ಜಿಗೆ ಮೊದಲ ಸ್ಥಾನ ಸಿಕ್ಕಿದ್ದು ಅಮ್ಮನ ಇನ್ಸುಲಿನ್ ಅದರಲ್ಲಿತ್ತೆಂಬ ಕಾರಣಕ್ಕೆ. ಬಳಕೆಗೆ ತೆಗೆದ ಇನ್ಸುಲಿನ್ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡದೆ ಇರುತ್ತದೆ, ಒಡೆಯದ ಸೀಸೆಗಳಿಗೆ ಮಾತ್ರ 2ರಿಂದ 8 ಡಿಗ್ರಿ ಬೇಕು ಎಂದು ಡಾಕ್ಟರು ಆಮೇಲೆ ತಿಳಿಸಿದರು. ಆ ದಿನ ಅದು ಗೊತ್ತಿರಲಿಲ್ಲ. ಭಯವೇ ಪಟ್ಟಿ ಬರೆದಿತ್ತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಕರೆಂಟನ್ನು ಎಣಿಸಿ ಬಳಸಿದೆವು. ಬಿಲ್ಲಿನಲ್ಲಿ ಬರುವ ಯೂನಿಟ್ ಮುಗಿದುಹೋದ ಸಂಗತಿ; ಪರದೆಯ ಮೇಲೆ ಕಣ್ಣೆದುರೇ ಇಳಿಯುವ ಶೇಕಡಾವಾರು ಹಾಗಲ್ಲ. ದಿನಕ್ಕೆ ಆರು ಗಂಟೆ ಎಂದು ನಿಶ್ಚಯಿಸಿದೆವು, ಬೆಳಿಗ್ಗೆ ಎರಡು ಮತ್ತು ಸಂಜೆ ನಾಲ್ಕು. ಬಾಗಿಲು ತೆರೆಯದಿದ್ದರೆ ಆ ಚಳಿಯಲ್ಲಿ ಫ್ರಿಜ್ ಅಷ್ಟಕ್ಕೇ ತಂಪು ಹಿಡಿದಿಡುತ್ತಿತ್ತು. ಆರು ಎಲ್‌ಇಡಿ ಬಲ್ಬು, ಫ್ರಿಜ್ಜು, ಅರ್ಧ ಗಂಟೆ ಬಾವಿಯ ಪಂಪು, ದೋಸೆಗೆ ರುಬ್ಬುವ ಗ್ರೈಂಡರ್, ಅಕ್ಕಪಕ್ಕದವರ ಮೊಬೈಲುಗಳು, ತೋಟಕ್ಕೆ ಹೋಗುವವರ ಹೆಡ್‌ಲೈಟುಗಳು. ಎಲ್ಲ ಕೂಡಿಸಿದರೆ ದಿನಕ್ಕೆ 2 ಯೂನಿಟ್ ಆಗುತ್ತಿತ್ತು. ಆದರೆ ಕಾರು ದಿನಕ್ಕೆ 3 ಯೂನಿಟ್ ಕಳೆದುಕೊಳ್ಳುತ್ತಿತ್ತು. ಉಳಿದ ಒಂದು ಯೂನಿಟ್ ಹೋದದ್ದು ಕಾರಿಗೇ: ಸಾಕೆಟ್ಟಿಗೆ ಕರೆಂಟ್ ಕೊಡುವಷ್ಟು ಹೊತ್ತೂ ಅದರ ಒಳಗಿನ ಯಂತ್ರಾಂಗವೆಲ್ಲ ಎಚ್ಚರವಾಗಿರಬೇಕು, ಬಲ್ಬು ಒಂದೇ ಇದ್ದರೂ ಅಷ್ಟೇ. ಹಾಗಾಗಿ ಇಡೀ ದಿನ ಸಣ್ಣದಾಗಿ ಬಳಸುವುದಕ್ಕಿಂತ ಹೊತ್ತು ಗೊತ್ತುಮಾಡಿಕೊಂಡು ಎಲ್ಲ ಕೆಲಸವನ್ನೂ ಒಟ್ಟಿಗೆ ಮುಗಿಸುವುದು ಲಾಭ. ಇದನ್ನು ನನಗೆ ಯಾವ ಕೈಪಿಡಿಯೂ ಹೇಳಿರಲಿಲ್ಲ.

ಪಂಪಿನ ಪಾಠ ಬೇರೆ. 1 ಎಚ್‌ಪಿ ಪಂಪು ಓಡುವಾಗ ಮುಕ್ಕಾಲು ಕಿಲೋವಾಟಿನ ಆಸುಪಾಸಿನದಾದರೂ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಫ್ರಿಜ್ಜು ಓಡುತ್ತಿದ್ದಾಗಲೇ ಸ್ಟಾರ್ಟರ್ ಒತ್ತಿದೆ. ಕಾರು ತಕ್ಷಣ ಕರೆಂಟ್ ನಿಲ್ಲಿಸಿತು. ಬೇರೆಲ್ಲವನ್ನೂ ಆರಿಸಿ ಪಂಪೊಂದನ್ನೇ ಹಾಕಿದಾಗ ಎತ್ತಿತು. ತೋಟದ ಮೂರು ಫೇಸಿನ ಮೋಟರನ್ನು ಇದರಿಂದ ನಡೆಸುವ ಮಾತೇ ಇಲ್ಲ.

ಮುಟ್ಟಬಾರದ ಪಾಲು

ಕೆಳಗಿನ ಮನೆಯ ಹುಡುಗ ಬುಧವಾರ ರಾತ್ರಿ ಹನ್ನೊಂದರ ಹೊತ್ತಿಗೆ ಕೊಡೆಯನ್ನೂ ಹಿಡಿಯದೆ ಓಡಿ ಬಂದ. "ಅಣ್ಣಾ, ಕಾರ್ ಆನ್ ಮಾಡ್ತೀಯಾ? ಮಗೂಗೆ ಉಬ್ಬಸ" ಎಂದ. ಹಿಂದೆಯೇ ಅವನ ಹೆಂಡತಿ ನಾಲ್ಕು ವರ್ಷದ ಮಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಳು, ಕೈಯಲ್ಲಿ ನೆಬ್ಯುಲೈಸರಿನ ಡಬ್ಬಿ ಇತ್ತು. ಮೊಬೈಲ್ ಟವರಿನ ಬ್ಯಾಟರಿ ಹಿಂದಿನ ದಿನವೇ ಮುಗಿದಿದ್ದರಿಂದ ಯಾರಿಗೂ ಫೋನ್ ಮಾಡುವಂತಿರಲಿಲ್ಲ. ಮಗುವನ್ನು ಜಗುಲಿಯ ಬೆಂಚಿನ ಮೇಲೆ ಕೂರಿಸಿದರು, ಕಾರಿನಿಂದ ಬಂದ ಬಾಕ್ಸಿಗೆ ನೆಬ್ಯುಲೈಸರ್ ಹಾಕಿದೆವು, ಅದು ಗೊರಗೊರ ಸದ್ದು ಮಾಡತೊಡಗಿತು. ಮಾಸ್ಕಿನ ಅಂಚಿನಿಂದ ಬಿಳಿಯ ಆವಿ ಹೊರಬಂದು ಬಲ್ಬಿನ ಬೆಳಕಿನಲ್ಲಿ ಕರಗುತ್ತಿತ್ತು. ಮಗುವಿನ ಪಕ್ಕೆ ಒಳಕ್ಕೆ ಎಳೆಯುವುದನ್ನೇ ಎಲ್ಲರೂ ನೋಡುತ್ತ ಕುಳಿತೆವು. ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಖರ್ಚಾದ ವಿದ್ಯುತ್ತು ಲೆಕ್ಕಕ್ಕೂ ಸಿಗದಷ್ಟು ಸಣ್ಣದು.

ನನ್ನ ಮನಸ್ಸು ಮಾತ್ರ ಬೇರೆಯೇ ಲೆಕ್ಕದಲ್ಲಿತ್ತು. ಇದು ಇಳಿಯದಿದ್ದರೆ ಸಾಗರದ ಆಸ್ಪತ್ರೆಗೆ 25 ಕಿಲೋಮೀಟರು. ಅಲ್ಲಿಂದ ಮುಂದೆ ಕಳಿಸಿದರೆ ಶಿವಮೊಗ್ಗಕ್ಕೆ ಇನ್ನೂ 70ಕ್ಕೂ ಹೆಚ್ಚು. ನಮ್ಮ ಏರಿಳಿತದ ರಸ್ತೆಯಲ್ಲಿ, ಮಳೆಯಲ್ಲಿ, ಒಂದು ಯೂನಿಟ್ಟಿಗೆ ಆರೂವರೆ ಕಿಲೋಮೀಟರು ಎಂದಿಟ್ಟುಕೊಂಡರೆ 15 ಯೂನಿಟ್ ಬೇಕು, ಅಂದರೆ ಶೇ. 40ರ ಕೆಳಗೆ ಇಳಿಯಬಾರದು. ದಾರಿಗೆ ಬಿದ್ದಿದ್ದ ಮರವನ್ನು ಊರಿನವರೇ ಆ ಮಧ್ಯಾಹ್ನ ಕಡಿದು ಸರಿಸಿದ್ದರಿಂದ ಹೋಗಲು ರಸ್ತೆಯೂ ಇತ್ತು. ಹಿಂದಿನ ದಿನ ಆಗಿದ್ದರೆ ಕಾರಿನಲ್ಲಿ ಎಷ್ಟು ಚಾರ್ಜಿದ್ದರೂ ಒಂದೇ ಆಗುತ್ತಿತ್ತು.

ಮಗುವಿನ ಉಸಿರು ಸಡಿಲವಾಯಿತು, ತನ್ನ ತಾಯಿಯ ಹೆಗಲ ಮೇಲೆ ನಿದ್ದೆ ಹೋಯಿತು. ನಾನು ಮಾತ್ರ ಮಲಗುವ ಮೊದಲು ಆ 40 ಎಂಬ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗಿಗೆ ಅಂಟಿಸಿದೆ. ಮಾರನೆಯ ದಿನ ಅಮ್ಮನಿಗೂ ಹೇಳಿದೆ, ಕೆಳಗಿನ ಮನೆಯವರಿಗೂ ಹೇಳಿದೆ. ಇನ್ವರ್ಟರ್ ಬ್ಯಾಟರಿ ಪೂರ್ತಿ ಬರಿದಾದರೆ ಕತ್ತಲಾಗುತ್ತದೆ, ಅಷ್ಟೇ. ಕಾರಿನ ಬ್ಯಾಟರಿ ಬರಿದಾದರೆ ಮನೆಯವರು ಇದ್ದಲ್ಲೇ ಸಿಕ್ಕಿಬೀಳುತ್ತಾರೆ. 40 ಯೂನಿಟ್ಟಿನ ಕಾರು ಇಂಥ ಮನೆಯನ್ನು ಹತ್ತು ಹನ್ನೆರಡು ದಿನ ನಡೆಸಬಲ್ಲದು ಎಂದು ಹೇಳುವವರು ಗಣಿತದಲ್ಲಿ ತಪ್ಪಿಲ್ಲ. ಆದರೆ ಮನೆಯ ಪಾಲಿಗೆ ನಿಜವಾಗಿ ಇರುವುದು ಮುಟ್ಟಬಾರದ ಪಾಲನ್ನು ಕಳೆದು ಉಳಿದದ್ದು ಮಾತ್ರ, ಮತ್ತು ಆ ಪಾಲು ಎಷ್ಟೆಂಬುದನ್ನು ಆಸ್ಪತ್ರೆಯ ದೂರ ನಿಶ್ಚಯಿಸುತ್ತದೆ. ಕೆಲವು ಕಾರುಗಳಲ್ಲಿ ಇಂತಿಷ್ಟಕ್ಕಿಂತ ಕೆಳಗೆ ಇಳಿದರೆ ತಾನಾಗಿ ನಿಲ್ಲುವಂತೆ ಮಿತಿ ಹಾಕಿಡಬಹುದು. ಊರಿಗೆ ಒಯ್ಯುವವರು ಆ ಮಿತಿಯನ್ನು ಮಳೆ ಹಿಡಿಯುವ ಮೊದಲೇ ಹಾಕಿಡಬೇಕು.

ಪವರ್‌ಮ್ಯಾನ್ ಕೇಳಿದ್ದು

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಬುಧವಾರ ಬೆಳಿಗ್ಗೆ, ಕಿಟಕಿಯಿಂದ ಬಂದ ಒಂದು ವಯರಿಗೆ ಇಡೀ ಮನೆಯನ್ನು ನೇತುಹಾಕುವುದು ಸಾಕಾಗಿ, ಬಾವಿಯ ಪಂಪೂ ಹಾಕಬೇಕಾಗಿ, ಎರಡೂ ತುದಿಯಲ್ಲಿ ಪಿನ್ ಇರುವ ಒಂದು ವಯರನ್ನು ಮಾಡಿದೆ. ಮೇನ್ ಸ್ವಿಚ್ಚನ್ನು ಇಳಿಸಿ, ಆ ವಯರಿನ ಒಂದು ತುದಿಯನ್ನು ಕಾರಿನ ಕಡೆಗೂ ಇನ್ನೊಂದನ್ನು ಜಗುಲಿಯ ಗೋಡೆಯ ಸಾಕೆಟ್ಟಿಗೂ ಹಾಕಿದೆ. ಮನೆಯೆಲ್ಲ ಬೆಳಗಿತು. ಮದುವೆ ಮನೆಗಳಲ್ಲಿ, ಜಾತ್ರೆಗಳಲ್ಲಿ ಜನರೇಟರಿಗೆ ಹೀಗೆ ಮಾಡುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಕಂಡದ್ದರಿಂದಲೇ ಅದರಲ್ಲಿ ಭಯ ಕಾಣಲಿಲ್ಲ.

ಗುರುವಾರ ಮಧ್ಯಾಹ್ನ ಬಂದ ಪವರ್‌ಮ್ಯಾನ್ ವಿಜಯಪುರದ ಕಡೆಯವರು; ನಮ್ಮ ಕಾಡಿನ ಲೈನುಗಳನ್ನು ಕಾಯುವವರಲ್ಲಿ ಅನೇಕರು ಬಯಲುಸೀಮೆಯಿಂದ ಬಂದವರು. ತೋಟದಾಚೆ ಕಂಬವೊಂದು ಮುರಿದದ್ದನ್ನು ನೋಡಲು ಬಂದಿದ್ದರು. ಜಗುಲಿಯ ಮೆಟ್ಟಿಲ ಹತ್ತಿರ ನಿಂತು ಕಿವಿಗೊಟ್ಟರು.

"ಸರ, ಇಡೀ ಊರಾಗ ಕರೆಂಟ್ ಇಲ್ಲ. ನಿಮ್ಮನ್ಯಾಗ ಫ್ರಿಜ್ ಸಪ್ಪಳ ಬರಾಕತ್ತೈತಿ. ಎಲ್ಲಿಂದ್ರೀ?"

ಕಾರನ್ನು ತೋರಿಸಿದೆ. ಅವರು ವಯರಿನ ಜಾಡು ಹಿಡಿದು ಗೋಡೆಯ ಸಾಕೆಟ್ಟಿನ ತನಕ ಕಣ್ಣು ಹಾಯಿಸಿ, ಒಳಗೆ ಬಂದು ಮೇನ್ ಸ್ವಿಚ್ಚಿನ ಎದುರು ನಿಂತರು. ಅದು ಇಳಿದೇ ಇತ್ತು. ನಾನು ಹೇಳಿದೆ, ಮೇನ್ ಆಫ್ ಮಾಡಿಯೇ ಹಾಕಿದ್ದೇನೆ, ಹೊರಗಿನ ಲೈನಿಗೆ ಹೋಗುವುದಿಲ್ಲ.

"ಖರೆ. ನೀವು ಇಳಿಸೀರಿ. ನೀವು ತ್ವಾಟಕ್ಕ ಹೋದಾಗ ಯಾರರ ಇದನ್ನ ಎತ್ತಿದ್ರ?"

ಯಾರು ಎತ್ತುತ್ತಾರೆ, ಮನೆಯಲ್ಲಿ ಇರುವುದು ಅಮ್ಮ ಮತ್ತು ನಾನು ಮಾತ್ರ ಎಂದು ನಾನು ಹೇಳುತ್ತಿರುವಾಗಲೇ ಒಳಗಿನಿಂದ ಅಮ್ಮನ ಧ್ವನಿ ಬಂತು: "ಬೆಳಗ್ಗೆ ನಾನೊಂದ್ಸಲ ಎತ್ತಿ ನೋಡಿದ್ನಲ, ಕರೆಂಟ್ ಬಂದಿದ್ಯೇನೋ ಅಂತ. ಬರ್ಲಿಲ್ಲ, ಮತ್ತೆ ಇಳಿಸಿಟ್ಟೆ."

ಅಮ್ಮ ಎತ್ತಿದಾಗ ಬೆಳಗಿನ ಆರು ಗಂಟೆ, ಕಾರು ಬಂದ್ ಆಗಿತ್ತು. ಒಂದು ಗಂಟೆ ತಡವಾಗಿ ಎತ್ತಿದ್ದರೆ ಕಾರಿನ 230 ವೋಲ್ಟ್ ಮೀಟರನ್ನು ದಾಟಿ ಕಂಬಕ್ಕೆ ಹೋಗುತ್ತಿತ್ತು. ಅಮ್ಮನದು ತಪ್ಪಲ್ಲ. ಮೇನ್ ಇಳಿಸಿಟ್ಟ ಮನೆಯಲ್ಲಿ ಕರೆಂಟ್ ಬಂದಿದೆಯೇ ಎಂದು ತಿಳಿಯಲು ಅವರಿಗೆ ಇದ್ದದ್ದು ಅದೊಂದೇ ದಾರಿ. ಆ ದಾರಿಯನ್ನು ಹಾಗೆ ಮಾಡಿಟ್ಟವನು ನಾನು.

ಪವರ್‌ಮ್ಯಾನ್ ಗದರಲಿಲ್ಲ. "ನಾವು ಕಂಬದ ಮ್ಯಾಲೆ ಇರತೀವ್ರೀ ಸರ" ಎಂದಷ್ಟೇ ಹೇಳಿ ಹೊರಗೆ ಹೋದರು. ನಾನು ಗೋಡೆಯಿಂದ ಪಿನ್ ಕಿತ್ತೆ. ಆಗ ಇನ್ನೊಂದು ಕಂಡಿತು: ಆ ಪಿನ್ನಿನ ಎರಡು ಹಿತ್ತಾಳೆಯ ಕಡ್ಡಿಗಳು ಕೈಯಲ್ಲಿ ಬರಿದಾಗಿ ನಿಂತಿದ್ದವು, ಮತ್ತು ನಾನು ಇನ್ನೂ ಕಾರನ್ನು ಬಂದ್ ಮಾಡಿರಲಿಲ್ಲ.

ತಂತಿಗೆ ಎರಡು ದಿಕ್ಕು

ಆ ದಿನ ನನಗೆ ನಾನೇ ಹೇಳಿಕೊಂಡ ಸಮಾಧಾನ ಒಂದಿತ್ತು. ಕರೆಂಟ್ ಹೊರಗೆ ಹೋಗಿದ್ದರೂ ಇಡೀ ಊರಿನ ಹೊರೆ ಒಮ್ಮೆಗೇ ಮೇಲೆ ಬಿದ್ದು ಕಾರು ಕ್ಷಣದಲ್ಲಿ ಟ್ರಿಪ್ ಆಗುತ್ತಿತ್ತು ಎಂಬುದು. ತಂತಿಯೆಲ್ಲ ಸರಿಯಿದ್ದ ಊರಿನಲ್ಲಿ ಅದು ನಿಜ. ಆದರೆ ಕಂಬ ಮುರಿದಿತ್ತಲ್ಲ? ತುಂಡಾದ ತಂತಿಯ ಈಚೆ ಬದಿಯಲ್ಲಿ ನಮ್ಮದೊಂದೇ ಮನೆ ಉಳಿದಿದ್ದರೆ ಕಾರು ಟ್ರಿಪ್ ಆಗಲು ಕಾರಣವೇ ಇಲ್ಲ. ನೆಲದ ಮೇಲೆ ಬಿದ್ದಿರುವ, ಸತ್ತಿದೆ ಎಂದು ಎಲ್ಲರೂ ನಂಬಿರುವ ತಂತಿಯಲ್ಲಿ ಅದು ಸದ್ದಿಲ್ಲದೆ ನಿಂತಿರುತ್ತದೆ. ಇನ್ನು ಟಿಸಿಯ ತನಕ ತಲುಪಿದರೆ ಅದು ಇನ್ನೂ ಘೋರ. 11,000 ವೋಲ್ಟನ್ನು ಮನೆಯ ಮಟ್ಟಕ್ಕೆ ಇಳಿಸುವ ಆ ಟ್ರಾನ್ಸ್‌ಫಾರ್ಮರ್ ಹಿಂದಿನಿಂದ ಕೊಟ್ಟದ್ದನ್ನು ಅಷ್ಟೇ ನಿಷ್ಠೆಯಿಂದ ಮೇಲಕ್ಕೇರಿಸುತ್ತದೆ. ಸಬ್‌ಸ್ಟೇಶನ್ನಿನಲ್ಲಿ ಲೈನ್ ಕ್ಲಿಯರ್, ಅಂದರೆ ಲೈನನ್ನು ಬಂದ್ ಮಾಡಿದ್ದೇವೆಂಬ ಖಾತ್ರಿ, ಪಡೆದು ಕಂಬ ಹತ್ತಿದವನಿಗೆ ನಮ್ಮ ಅಂಗಳದ ಕಾರಿನ ವಿಷಯ ಯಾರು ಹೇಳುತ್ತಾರೆ?

ಮನೆಯ ಮೇಲಿನ ಸೌರ ಫಲಕಗಳಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಯಂತ್ರದೊಳಗೇ ಇಟ್ಟಿದ್ದಾರೆ. ಗ್ರಿಡ್ಡಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಹೊರಗಿನ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲಬೇಕೆಂಬ ನಿಯಮವಿದೆ. ಬಿಸಿಲಿದ್ದೂ ಮನೆಗೆ ಕರೆಂಟ್ ಇಲ್ಲವಲ್ಲ ಎಂದು ಜನ ಬೇಸರಪಡುವುದನ್ನು ಕೇಳಿದ್ದೇನೆ. ಆ ನಿಯಮ ಕಂಬದ ಮೇಲಿರುವವರ ಜೀವಕ್ಕಾಗಿ ಇದೆ. ಜಪಾನಿನಲ್ಲಿ 2011ರ ಮಾರ್ಚ್ 11ರ ಭೂಕಂಪದ ನಂತರ, ಕಾರಿನಿಂದ ಮನೆಗೆ ವಿದ್ಯುತ್ ಕೊಡುವ ವ್ಯವಸ್ಥೆಯನ್ನು ನಿಸ್ಸಾನ್ 2012ರಲ್ಲಿ ಮಾರುಕಟ್ಟೆಗೆ ತಂದಿತು. ಲೀಫ್ ಕಾರಿನ 24 ಯೂನಿಟ್ ಬ್ಯಾಟರಿಯಿಂದ 6 ಕಿಲೋವಾಟ್‌ವರೆಗೆ ಮನೆಯ ವಿತರಣಾ ಫಲಕಕ್ಕೇ ಕೊಡುವ ಪೆಟ್ಟಿಗೆ ಅದು. ಅಮೆರಿಕದಲ್ಲಿ 2022ರಲ್ಲಿ ಬಂದ ಫೋರ್ಡ್ ಎಫ್-150 ಲೈಟ್ನಿಂಗ್ ಸಹ 9.6 ಕಿಲೋವಾಟ್‌ವರೆಗೆ ಮನೆಗೆ ಕೊಡಬಲ್ಲದು, ಆದರೆ ಹೊರಗಿನ ಲೈನಿನಿಂದ ಮನೆಯನ್ನು ಮೊದಲು ಬೇರ್ಪಡಿಸುವ ಸಲಕರಣೆಯನ್ನು ಕೂರಿಸಿದ ಮೇಲೆ. ನಾನು ಕೊಂಡ ಕಾರಿನ ಜೊತೆ ಬಂದದ್ದು ಅಡಾಪ್ಟರ್ ಮಾತ್ರ. ಆ ಬೇರ್ಪಡಿಸುವ ಕೆಲಸವನ್ನು ಮನೆಯವರ ನೆನಪಿಗೆ ಬಿಡಲಾಗಿದೆ.

ಶುಕ್ರವಾರ ರಾತ್ರಿ ಕರೆಂಟ್ ಬಂದಾಗ ಕಾರಿನಲ್ಲಿ ಶೇ. 61 ಉಳಿದಿತ್ತು. ನಾಲ್ಕು ದಿನಕ್ಕೆ ಖರ್ಚಾದದ್ದು 12 ಯೂನಿಟ್, ಒಮ್ಮೆ ಶಿವಮೊಗ್ಗಕ್ಕೆ ಹೋದಷ್ಟೂ ಇಲ್ಲ. ಬ್ಯಾಟರಿ ಸವೆಯುತ್ತದೆಂಬ ಚಿಂತೆಯನ್ನು ನಾನು ಅಲ್ಲಿಗೇ ಬಿಟ್ಟೆ.

ಕಾರನ್ನು ಮನೆಗೆ ಸರಿಯಾಗಿ ಜೋಡಿಸಿಕೊಡಲೆಂದು ಆಗಸ್ಟಿನಲ್ಲಿ ನಮ್ಮೂರ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆ. ಅವರು ಕಾರಿನ ಸಾಕೆಟ್ಟಿಗೆ ಟೆಸ್ಟರ್ ಇಟ್ಟು, "ಎರಡೂ ತೂತಲ್ಲಿ ಮಂಕಾಗಿ ಹತ್ತುತ್ತಲ್ಲ ಮಾರಾಯ್ರೆ, ಫೇಸ್ ಯಾವುದು, ನ್ಯೂಟ್ರಲ್ ಯಾವುದು?" ಎಂದರು. ನಮ್ಮ ಕಾರಿನ ಸಾಕೆಟ್ಟಿನಲ್ಲಿ ನ್ಯೂಟ್ರಲ್ಲಿಗೂ ಭೂಮಿಗೂ ಸಂಬಂಧವೇ ಇರಲಿಲ್ಲ. ಇದರ ಪರಿಣಾಮ ಕಣ್ಣಿಗೆ ಕಾಣುವಂಥದಲ್ಲ: ಕರೆಂಟ್ ನೆಲಕ್ಕೆ ಸೋರಿದರೆ ತಾನಾಗಿ ಬೀಳಬೇಕಾದ ಮನೆಯ ಆರ್‌ಸಿಸಿಬಿ ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತಿದರೆ ಅದು ಬೀಳುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ, ಆದರೆ ಉಪಕರಣದಿಂದ ನೆಲಕ್ಕೆ ಸೋರುವ ಕರೆಂಟಿಗೆ ಮರಳುವ ದಾರಿಯೇ ಇಲ್ಲದ ಕಾರಣ ನಿಜವಾದ ಸೋರಿಕೆಯಲ್ಲಿ ಬೀಳದೆಯೂ ಇರಬಹುದು. ಕಾರಿನಿಂದ ಕಾರಿಗೆ ಇದು ಬೇರೆ ಬೇರೆ. ಆದ್ದರಿಂದ ಅಳೆದು ನೋಡಬಲ್ಲವರಿಂದಲೇ ಈ ಕೆಲಸ ಮಾಡಿಸಬೇಕು, ನಾನು ಮಾಡಿದಂತೆ ತಾನೇ ವಯರು ಕಟ್ಟಬಾರದು.

ಮೇನ್ ಬೋರ್ಡಿನ ಪಕ್ಕ ಒಂದು ಚೇಂಜ್ ಓವರ್ ಸ್ವಿಚ್ ಕೂರಿಸಿದರು. ಹಿಡಿಕೆ ಒಂದರಲ್ಲಿದ್ದರೆ ಕಂಬದ ಕರೆಂಟ್, ಎರಡರಲ್ಲಿದ್ದರೆ ಕಾರಿನದು, ನಡುವೆ ಸೊನ್ನೆ. ಫೇಸ್ ಮಾತ್ರವಲ್ಲದೆ ನ್ಯೂಟ್ರಲನ್ನೂ ಕಡಿಯುವಂಥದು ಅದು. ಯಾರು ಹೇಗೆ ಎಳೆದರೂ ಎರಡೂ ಕೂಡುವುದು ಸಾಧ್ಯವಿಲ್ಲ. ಜಗುಲಿಯ ಗೋಡೆಯಲ್ಲಿ ಕಾರಿನ ವಯರಿಗೆಂದೇ ಮುಚ್ಚಳವಿರುವ ಒಂದು ಬಾಯಿ ಬಂತು, ಇನ್ನು ಬರಿದಾದ ಪಿನ್ ಯಾರ ಕೈಗೂ ಸಿಗುವುದಿಲ್ಲ. ಎಲ್ಲಕ್ಕಿಂತ ಅಗ್ಗವಾದದ್ದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಮೀಟರಿನ ಕಡೆಯ ತಂತಿಗೆ ಜೋಡಿಸಿದ ಒಂದು ಸಣ್ಣ ಕೆಂಪು ದೀಪ. ಕಂಬಕ್ಕೆ ಕರೆಂಟ್ ಬಂದರೆ ಅದು ಹತ್ತುತ್ತದೆ. ಅಮ್ಮ ಯಾವ ಸ್ವಿಚ್ಚನ್ನೂ ಎತ್ತಿ ನೋಡಬೇಕಾಗಿಲ್ಲ.

ಮುಂದಿನ ಮಳೆಗಾಲದ ಒಂದು ಸಂಜೆ ಮತ್ತೆ ಲೈನ್ ಹೋಯಿತು. ಟವರ್ ಇನ್ನೂ ಬದುಕಿತ್ತು. ಕತ್ತಲಾಗುವ ಹೊತ್ತಿಗೆ ಅದೇ ಪವರ್‌ಮ್ಯಾನ್ ಫೋನ್ ಮಾಡಿದರು.

"ಸರ, ಗಾಡಿ ಹಚ್ಚೀರೇನ್ರೀ?"

ಫೋನ್ ಹಿಡಿದುಕೊಂಡೇ ಬೋರ್ಡಿನ ಹತ್ತಿರ ಹೋಗಿ ನೋಡಿದೆ. ಹಿಡಿಕೆ ಎರಡರಲ್ಲಿತ್ತು, ಕೆಂಪು ದೀಪ ಆರಿತ್ತು. ಹಾಗೆಂದು ಹೇಳಿದೆ. "ಆತು, ಏರತೀನಿ" ಎಂದರು. ತೋಟದ ಅಂಚಿನಿಂದ ಅವರ ಟಾರ್ಚಿನ ಬೆಳಕು ಕಾಣುತ್ತಿತ್ತು. ನನ್ನ ಮಾತು ಕೇಳಿದ ಮೇಲೂ ಅವರು ಉದ್ದನೆಯ ಕೋಲಿನಿಂದ ತಂತಿಗೆ ಅರ್ತಿಂಗ್ ಸರಪಳಿಯನ್ನು ತಗುಲಿಸಿ, ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಕಟ್ಟಿ, ಆಮೇಲೆ ಕಂಬಕ್ಕೆ ಕಾಲಿಟ್ಟರು.